ಈಗ ನೀನು ಕಳ್ಳ

ಮಂಗಳವಾರ, 2025ರ ಜೂನ್ 17. ಬೆಳಿಗ್ಗೆ ಏಳು ನಲವತ್ತು. ಬೆಂಗಳೂರಿನ ಪ್ಯಾಸೆಂಜರ್ ರೈಲು ಮಾಲೂರು ಬಿಟ್ಟು ಹೋದ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಪದ್ಮಶ್ರೀ ಎಂಬ ಹೆಣ್ಣುಮಗಳು ಸ್ಟೀಲ್ ಡಬ್ಬಿಯೊಂದನ್ನು ಎದೆಗವಚಿಕೊಂಡು ಠಾಣೆಯ ಮೆಟ್ಟಿಲು ಹತ್ತಿದಳು. ದೂರು ಕೊಡಲು ಬರುವವರು ಆಧಾರ್ ಕಾರ್ಡು ತರುತ್ತಾರೆ, ಫೋಟೊ ತರುತ್ತಾರೆ, ಜೊತೆಗೆ ಊರಿನ ಪುಢಾರಿಯೊಬ್ಬನನ್ನೂ ತರುತ್ತಾರೆ. ಡಬ್ಬಿ ತಂದವರನ್ನು ಹೆಡ್ ಕಾನ್‌ಸ್ಟೆಬಲ್ ಸೊಣ್ಣಪ್ಪ ತಮ್ಮ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ತಿಂಡಿ ಇರಬೇಕು ಅಂದುಕೊಂಡು, ಅದನ್ನು ಅಲ್ಲಿಟ್ಟು ಕೂತ್ಕೊಳಮ್ಮ ಅಂದರು. ಅವಳು ಕೂತಳು, ಡಬ್ಬಿ ಮಾತ್ರ ಇಡಲಿಲ್ಲ.

ಡಬ್ಬಿಯಲ್ಲಿ ಐಸ್ ತುಂಡುಗಳ ನಡುವೆ ಇನ್ಸುಲಿನ್ ಸೀಸೆ ಇತ್ತು.

ಗಂಡನ ಹೆಸರು ಚಂದ್ರಮೋಹನ್, ವಯಸ್ಸು ನಲವತ್ತು, ಪೇಟೆಯ ಕೊನೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸೋಮವಾರ ಸಂಜೆ ಅಂಗಡಿಯಿಂದ ಹೋದವನು ಮನೆಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್. ಹತ್ತೊಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ ಚುಚ್ಚಿಕೊಳ್ಳಲೇಬೇಕು. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಇನ್‌ಸ್ಪೆಕ್ಟರ್ ಗಂಗಾಧರ್ ಬರೆದುಕೊಳ್ಳುವುದನ್ನು ನಿಲ್ಲಿಸಿದರು.

“ಕೊನೇ ಸೂಜಿ ಯಾವಾಗ?”

“ನಿನ್ನೆ ಬೆಳಿಗ್ಗೆ ಸಾರ್.”

“ತಗೊಳ್ದೆ ಇದ್ರೆ ಎಷ್ಟು ದಿನ?”

“ಡಾಕ್ಟ್ರು ಎರಡು ದಿನ ಅಂದಿದ್ರು. ಮೂರನೇ ದಿನ ಅಂತ ಇಟ್ಕೋಬೇಡಿ ಅಂದಿದ್ರು. ಸಿಕ್ಕಿದ ತಕ್ಷಣ ಕೊಡ್ಬೇಕಲ್ಲ, ಅದಕ್ಕೇ ತಂದೆ.”

ಗಂಗಾಧರ್ ಗೋಡೆ ಗಡಿಯಾರ ನೋಡಿದರು. ನೋಡಬಾರದಿತ್ತು. ಮೂರು ವರ್ಷದ ಹಿಂದೆ ಮುಳಬಾಗಿಲ ಕಡೆಯ ಒಂದು ಕಾಣೆ ಪ್ರಕರಣದಲ್ಲಿ ಅವರು ಅರ್ಧ ದಿನ ತಡ ಮಾಡಿದ್ದರು. ಎಲ್ಲೋ ನೆಂಟರ ಮನೆಗೆ ಹೋಗಿರ್ತಾಳೆ ಬಿಡಿ ಅಂದುಕೊಂಡ ಆ ಅರ್ಧ ದಿನ ಮುಗಿಯುವಷ್ಟರಲ್ಲಿ ಹುಡುಗಿಯ ಹೆಣ ಬಾವಿಯಲ್ಲಿ ತೇಲಿತ್ತು. ಯಾರೂ ಅವರನ್ನು ಬೈಯಲಿಲ್ಲ, ಒಂದು ಮೆಮೊ ಕೂಡ ಬರಲಿಲ್ಲ. ಆದರೂ ಅಂದಿನಿಂದ ಕಾಣೆ ಅನ್ನುವ ಪದ ಕೇಳಿದರೆ ಅವರು ಒಂದು ನಿಮಿಷವೂ ಕಾಯುತ್ತಿರಲಿಲ್ಲ. ಎಂಟು ಹದಿನೈದಕ್ಕೆ ಗಂಡಸು ಕಾಣೆ ಎಂದು ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಜೀಪು ಅಂಗಡಿಯ ಮುಂದೆ ನಿಂತಿತ್ತು.

ಷಟರ್ ಎಳೆದು ಬೀಗ ಹಾಕಿತ್ತು. ಚಂದ್ರಮೋಹನನ ಬೈಕು ಪಕ್ಕದಲ್ಲೇ ಇತ್ತು, ಕನ್ನಡಿಗೆ ಹೆಲ್ಮೆಟ್ ತೂಗುಹಾಕಿತ್ತು. ಷಟರಿನ ಮೇಲೆ ಬಿಳಿ ಬಳಪದಲ್ಲಿ, ಒಂದೊಂದಕ್ಷರ ಗೇಣುದ್ದ, ಮೂರು ಪದ ಬರೆದಿತ್ತು.

ಈಗ ನೀನು ಕಳ್ಳ.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆಯಲಾಯಿತು. ಅಕ್ಷರ ದುಂಡಗೆ, ಕಾಪಿ ಪುಸ್ತಕದಲ್ಲಿ ತಿದ್ದಿದ ಹಾಗಿತ್ತು. ಎದುರಿನ ಟೀ ಅಂಗಡಿಯ ಚಿಕ್ಕಗಂಗಮ್ಮ ಹೇಳಿದ ಪ್ರಕಾರ, ಸೋಮವಾರ ಸಂಜೆ ಐದೂ ಕಾಲರ ಸುಮಾರಿಗೆ ಬಿಳೀ ಪಿಕಪ್ ಗಾಡಿ ಬಂತು. ಮೋಟಾರು ಸುಟ್ಟಿದೆ ಬಾ ಅಂತ ಯಾರೋ ಕರೆದ ಹಾಗೆ ಕೇಳಿಸಿತು. ಚಂದ್ರಮೋಹನ್ ನಗುನಗುತ್ತಾ ಮುಂದಿನ ಸೀಟಿಗೆ ಹತ್ತಿದ, ಅರ್ಧ ಗಂಟೆಯಲ್ಲಿ ಬರ್ತೀನಿ ಟೀ ಇಟ್ಟಿರಮ್ಮ ಅಂದ. ಡ್ರೈವರ್ ಮುಖ ಅವಳು ನೋಡಲಿಲ್ಲ. ಎಂಟಕ್ಕೆ ಅಂಗಡಿ ಮುಚ್ಚುವಾಗ ಷಟರ್ ಮೇಲೆ ಬರಹ ಇರಲಿಲ್ಲ. ಟೀ ಆರಿ ತಣ್ಣಗಾಗಿತ್ತು ಅಂತಲೂ ಹೇಳಿದಳು, ಪಂಚನಾಮೆಗೆ ಅದು ಬೇಕಿರಲಿಲ್ಲ.

ಪಕ್ಕದ ಹಾರ್ಡ್‌ವೇರ್ ಅಂಗಡಿಯ ಕ್ಯಾಮೆರಾದಲ್ಲಿ ಗಾಡಿ ಸಿಕ್ಕಿತು. ಸಮಯ ಐದು ಹದಿನೇಳು. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಗಾಡಿಯ ಹಿಂದಿನ ಹಲಗೆಯ ಮೇಲೆ ಮೊಣಕೈ ಉದ್ದದ ಒಂದು ಪಟ್ಟಿ ಮಾತ್ರ ಬೇರೆ ಕಡೆಗಿಂತ ಬೆಳ್ಳಗೆ ಕಾಣುತ್ತಿತ್ತು. ಏನನ್ನೋ ಅಳಿಸಿ ಹೊಸದಾಗಿ ಬಣ್ಣ ಬಳಿದ ಹಾಗೆ.

ಈಗ ಒಂದು ಮಾತು. ಪೊಲೀಸರ ಕಣ್ಣಿಗೆ ‘ಕಳ್ಳ’ ಅನ್ನುವ ಪದ ಬಿದ್ದರೆ ಅವರಿಗೆ ಕಳ್ಳನೇ ಕಾಣುತ್ತಾನೆ, ಮತ್ತೇನೂ ಕಾಣುವುದಿಲ್ಲ. ಅದು ಅವರ ತಪ್ಪಲ್ಲ, ಕಸುಬಿನ ದೋಷ. ಆ ತಿಂಗಳು ಸುತ್ತಮುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್‌ಗಳ ಕೇಬಲ್ ಕತ್ತರಿಸಿ ತಾಮ್ರ ಕದಿಯುವ ಹಾವಳಿ ಮಿತಿಮೀರಿತ್ತು. ಕದ್ದ ತಾಮ್ರವನ್ನು ವೈಂಡಿಂಗ್ ಅಂಗಡಿಯವರೇ ಕೊಳ್ಳುತ್ತಾರೆ ಎಂಬ ಗುಲ್ಲೂ ಇತ್ತು. ಅಂಗಡಿಯ ಮೇಲೆ ಈಗ ನೀನು ಕಳ್ಳ ಎಂದು ಬರೆದಿದ್ದರೆ ಇನ್ನೇನು ಅರ್ಥ? ಕೇಬಲ್ ಕಳೆದುಕೊಂಡ ರೈತರಲ್ಲೇ ಯಾರೋ ಇವನನ್ನು ಎತ್ತಿಕೊಂಡು ಹೋಗಿದ್ದಾರೆ ಎಂದು ಸೊಣ್ಣಪ್ಪ ಖಚಿತವಾಗಿ ಹೇಳಿದರು. ಗಂಗಾಧರ್ ಹೌದು ಅಂದರು. ಮುಂದೆ ಎಷ್ಟೋ ದಿನ ಆ ಒಂದು ‘ಹೌದು’ ಅವರ ನಿದ್ದೆ ಕೆಡಿಸಿತು.

ದೊಡ್ಡವೆಂಕಟಪ್ಪ ಎಂಬ ರೈತ ಹಿಂದಿನ ವಾರ ಹಾಲಿನ ಡೇರಿ ಮುಂದೆ ನಿಂತು, ಆ ವೈಂಡಿಂಗ್‌ನವನ ಕೈಕಾಲು ಮುರೀತೀನಿ ಅಂದಿದ್ದನಂತೆ. ಅವನ ಹತ್ತಿರ ಬಿಳೀ ಪಿಕಪ್ಪೂ ಇತ್ತು. ಹನ್ನೊಂದಕ್ಕೆ ಅವನನ್ನು ಠಾಣೆಗೆ ಕರೆತಂದರು. ಮಧ್ಯಾಹ್ನದವರೆಗೂ ಅವನು ಹೇಳಿದ್ದು ಒಂದೇ: ಅಂದದ್ದು ನಿಜ, ಮಾಡಲಿಲ್ಲ, ಸೋಮವಾರ ಸಂಜೆ ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿದ್ದೆ. ಕೋಲಾರಕ್ಕೆ ಕಾನ್‌ಸ್ಟೆಬಲ್ ಕಳಿಸಿ, ಮಾರ್ಕೆಟ್ಟಿನ ಗೇಟಿನ ಕ್ಯಾಮೆರಾ ನೋಡಿಸಿ, ಅವನು ಹೇಳಿದ್ದು ಅಕ್ಷರಶಃ ನಿಜ ಎಂದು ತಿಳಿಯುವ ಹೊತ್ತಿಗೆ ಸಂಜೆ ಆರು ಗಂಟೆ. ಅವನ ಗಾಡಿಯ ಹಿಂದೆ ‘ತಂದೆ ತಾಯಿ ಆಶೀರ್ವಾದ’ ಅಂತ ಬರೆದಿತ್ತು, ಅಳಿಸಿರಲೂ ಇಲ್ಲ. ಅದನ್ನು ಬೆಳಿಗ್ಗೆಯೇ ನೋಡಬಹುದಿತ್ತು.

ಪದ್ಮಶ್ರೀ ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದಳು. ಎರಡು ಗಂಟೆಗೊಮ್ಮೆ ಎದುರಿನ ಜ್ಯೂಸ್ ಅಂಗಡಿಗೆ ಹೋಗಿ ಡಬ್ಬಿಯ ನೀರು ಚೆಲ್ಲಿ ಹೊಸ ಐಸ್ ಹಾಕಿಸಿಕೊಂಡು ಬರುತ್ತಿದ್ದಳು. ನಾಲ್ಕನೇ ಸಲ ಅವಳು ಎದ್ದಾಗ ಗಂಗಾಧರ್ ಮುಖ ಆ ಕಡೆ ತಿರುಗಿಸಿದರು. ಫೋನಿನ ವಿವರ ಸಂಜೆ ಬಂತು: ಕೊನೆಯ ಸಿಗ್ನಲ್ ಸೋಮವಾರ ಐದು ಐವತ್ತೆಂಟಕ್ಕೆ, ಟೇಕಲ್ ರಸ್ತೆಯ ಟವರು. ಆ ಟವರಿನ ಕೆಳಗೆ ಹದಿಮೂರು ಹಳ್ಳಿ, ಕಲ್ಲುಗುಡ್ಡ, ಎಣಿಸಲಾಗದಷ್ಟು ತೋಟ. ಎಲ್ಲಿಂದ ಹುಡುಕುವುದು?

ಬುಧವಾರ, ಜೂನ್ 18. ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಪೊಲೀಸ್ ಕ್ವಾರ್ಟರ್ಸಿನ ಅಂಗಳದಲ್ಲಿ ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದ ಮಕ್ಕಳು ಆಡುತ್ತಿದ್ದರು. ಪೊಲೀಸರ ಮಕ್ಕಳು ಆಡುವುದು ಕಳ್ಳ ಪೊಲೀಸ್ ಆಟವೇ. ಅಲ್ಲಿ ಎಲ್ಲರಿಗೂ ಪೊಲೀಸೇ ಆಗಬೇಕು, ಕಳ್ಳ ಆಗಲು ಯಾರೂ ತಯಾರಿಲ್ಲ. ಗಂಗಾಧರ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಪುಟ್ಟ ಹುಡುಗನೊಬ್ಬ ಬ್ಯಾಗು ಕೆಳಗೆಸೆದು ತನಗಿಂತ ದೊಡ್ಡವನನ್ನು ತಳ್ಳಿದ.

“ಹೋಗ್ಲಾ! ನಿನ್ನೇನೂ ನಾನೇ, ಮೊನ್ನೇನೂ ನಾನೇ. ಈಗ ನೀನು ಕಳ್ಳ!”

ಗಂಗಾಧರ್ ಆ ಹುಡುಗನ ಕಡೆ ತಿರುಗಿದರು. ದುಂಡಕ್ಷರ. ಬಳಪ. ನಗುನಗುತ್ತಾ ಗಾಡಿ ಹತ್ತಿದ ಮನುಷ್ಯ. ಅದು ಬೈಗುಳ ಆಗಿರಲಿಲ್ಲ, ಆರೋಪವೂ ಅಲ್ಲ. ಸರದಿ. ನನ್ನ ಸರದಿ ಮುಗೀತು, ಈಗ ನಿನ್ನದು ಅಂತ. ಒಂದು ಇಡೀ ದಿನ ಅವರು ದೊಡ್ಡವೆಂಕಟಪ್ಪನ ಬೆನ್ನು ಹತ್ತಿದ್ದರು. ಥೂ ನನ್ನ, ಎಂದು ತಮ್ಮನ್ನು ತಾವೇ ಬೈದುಕೊಂಡು ಲೋಟವನ್ನು ಕಟ್ಟೆಯ ಮೇಲಿಟ್ಟು ಓಡಿದರು.

ಠಾಣೆಯಲ್ಲಿ ಪದ್ಮಶ್ರೀಯನ್ನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಯಜಮಾನರ ಜೊತೆ ಚಿಕ್ಕಂದಿನಲ್ಲಿ ಆಡಿದವರು ಯಾರ್ಯಾರು? ಗೆಳೆಯರು ಬಹಳ ಇದ್ದಾರೆ, ಚಿಕ್ಕಂದಿನಲ್ಲಿ ಆಡಿದವರು ಯಾರೋ ನನಗೆ ಗೊತ್ತಿಲ್ಲ ಎಂದಳು. ಆದರೆ ಜೂನ್ ಎಂಟನೇ ತಾರೀಖು ಭಾನುವಾರ 2001ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಮೇಷ್ಟ್ರುಗಳನ್ನು ಕರೆಸಿ ಗುರುವಂದನೆ ಮಾಡಿದ್ದು ನೆನಪಾಯಿತು. ಇವರು ಮೈಕಿನಲ್ಲಿ ಮಾತಾಡಿದ್ದರು, ವಿಡಿಯೋ ನನ್ನ ಫೋನಿಗೆ ಕಳಿಸಿದ್ದರು ಎಂದಳು.

ವಿಡಿಯೋದಲ್ಲಿ ಚಂದ್ರಮೋಹನ್ ಶಾಲು ಹೊದ್ದು ಮೈಕು ಹಿಡಿದಿದ್ದ. ಒಳ್ಳೇ ಮಾತುಗಾರ. ಮೇಷ್ಟ್ರುಗಳನ್ನು ಅಣಕಿಸಿ ನಗಿಸಿದ, ಆಮೇಲೆ ತಮ್ಮ ಆಟಗಳಿಗೆ ಬಂದ. ಹಳೇ ಹೆಂಚಿನ ಫ್ಯಾಕ್ಟರಿಯಲ್ಲಿ ಹೆಂಚು ಸುಡುವ ಗೂಡೇ ನಮ್ಮ ಜೈಲು, ಮುನಿಕೃಷ್ಣನೇ ಪರ್ಮನೆಂಟ್ ಕಳ್ಳ, ಎಂದ. ಒಂದಿನ ಅವನನ್ನು ಒಳಗೆ ಹಾಕಿ ಬಾಗಿಲೆಳೆದದ್ದನ್ನು ಹೇಳಿ, ಮುಂದಿನ ಸಾಲಿನ ಕಡೆ ಬೆರಳು ತೋರಿಸಿದ. “ಗಾಳಿಗೆ ಚಿಲಕ ಬಿತ್ತು ಅಂತ ಇವನು ಇವತ್ತಿಗೂ ನಂಬವನೆ! ಲೇ ಮುನಿಕೃಷ್ಣ, ಕಬ್ಬಿಣದ ಚಿಲಕ ಗಾಳಿಗೆ ಬೀಳುತ್ತೇನ್ಲಾ? ಹಾಕಿದ್ದು ನಾನೇ ಕಣೋ. ಹೊರಗೆ ನಿಂತು ನೀನು ಕೂಗಿದ್ದೆಲ್ಲಾ ಕೇಳಿಸ್ಕೊಂಡ್ವಿ!”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ವಿಡಿಯೋ ತೆಗೆಯುತ್ತಿದ್ದವನು ಕ್ಯಾಮೆರಾವನ್ನು ಆ ಮನುಷ್ಯನ ಕಡೆ ತಿರುಗಿಸಿದ. ಬೂದು ಶರ್ಟಿನ ಸಣಕಲ ಆಳು ಎಲ್ಲರ ಜೊತೆ ನಗುತ್ತಿದ್ದ. ಉಳಿದವರ ನಗು ಮುಗಿಯಿತು, ಅವನ ತುಟಿ ಹಾಗೇ ಇತ್ತು, ಮುಚ್ಚಲು ಮರೆತ ಹಾಗೆ. ಗಂಗಾಧರ್ ಆ ಜಾಗವನ್ನು ಎರಡು ಸಲ ನೋಡಿದರು.

ಆ ಆಟದಲ್ಲಿ ಪೊಲೀಸ್ ಆಗುತ್ತಿದ್ದ ಇನ್ನೊಬ್ಬ, ವಿಡಿಯೋದಲ್ಲೇ ಚಂದ್ರಮೋಹನ್ ಹೆಸರು ಹೇಳಿದ್ದ ಅರುಣ್‌ಕುಮಾರ್, ಈಗ ಬಸ್‌ಸ್ಟ್ಯಾಂಡ್ ಹತ್ತಿರ ಬೇಕರಿ ಇಟ್ಟವನು. ಒಂಬತ್ತೂ ಮುಕ್ಕಾಲಿಗೆ ಅವನ ಮುಂದೆ ನಿಂತರು. ಅವನು ಪಫ್ಸಿನ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡ.

“ಆವಾಗ ವಯಸ್ಸೆಷ್ಟು?”

“ಹನ್ನೊಂದು ಸಾರ್. ತೊಂಬತ್ತಾರರ ಬೇಸಿಗೆ ರಜ.”

“ಮುನಿಕೃಷ್ಣ ಒಳಗೆ ಎಷ್ಟು ಹೊತ್ತಿದ್ದ?”

ಅರುಣ್‌ಕುಮಾರ್ ಗಿರಾಕಿಯೊಬ್ಬನಿಗೆ ಆಮೇಲೆ ಬಾ ಎಂದು ಕೈ ಮಾಡಿದ.

“ಸಾಯಂಕಾಲ ನಾಲ್ಕಕ್ಕೆ ಹಾಕಿದ್ದು. ಮಾರನೇ ದಿನ ಹನ್ನೊಂದಕ್ಕೆ ತೆಗ್ದಿದ್ದು.”

ಟಿವಿಯಲ್ಲಿ ಭಾನುವಾರದ ಸಿನಿಮಾ ಶುರುವಾಗುತ್ತಿತ್ತಂತೆ. ಇಬ್ಬರೂ ಓಡಿದರು. ಸಿನಿಮಾ ಮುಗಿಯುವಾಗ ಕತ್ತಲಾಗಿತ್ತು, ಫ್ಯಾಕ್ಟರಿ ಕಡೆ ಹೋಗಲು ಹೆದರಿಕೆ, ಮನೆಯಲ್ಲಿ ಹೇಳಲು ಇನ್ನೂ ಹೆದರಿಕೆ. ಬೆಳಿಗ್ಗೆ ಚಂದ್ರಮೋಹನ್ ಒಬ್ಬನೇ ಹೋಗಿ ಚಿಲಕ ತೆಗೆದ. ರಾತ್ರಿಯೆಲ್ಲಾ ನಿನ್ನನ್ನೇ ಹುಡುಕಿದೆ ಕಣೋ, ಗಾಳಿಗೆ ಚಿಲಕ ಬಿದ್ದಿದೆ ಎಂದ. ಮುನಿಕೃಷ್ಣ ಅವನನ್ನು ತಬ್ಬಿಕೊಂಡು ಅತ್ತನಂತೆ. ಆಮೇಲೆ ಅವರಪ್ಪ ಎಲ್ಲಿ ಹೋಗಿದ್ದೆ ಎಂದು ಬೆಲ್ಟಿನಲ್ಲಿ ಬಾರಿಸಿದಾಗಲೂ ಬಾಯಿ ಬಿಡಲಿಲ್ಲ.

“ಇನ್ನೊಂದು ಮಾತಿದೆ ಸಾರ್. ಚಂದ್ರ ಸ್ಟೇಜಲ್ಲಿ ಅದನ್ನ ಹೇಳಲಿಲ್ಲ. ಮರ್ತೇ ಹೋಗಿದೆ ಅನ್ಸುತ್ತೆ. ನನಗೆ ಮರ್ತಿಲ್ಲ.”

“ಏನು?”

“ಅವನು ಒಳಗಿಂದ ಟೈಂಪ್ಲೀಸ್, ಟೈಂಪ್ಲೀಸ್ ಅಂತ ಕೂಗ್ತಿದ್ದ. ಟೈಂಪ್ಲೀಸ್ ಅಂದ್ರೆ ಬಿಡ್ಬೇಕು ಸಾರ್. ಯಾವ ಆಟ ಆದ್ರೂ ನಿಲ್ಲಿಸ್ಬೇಕು. ನಾವು ಬಿಡ್ಲಿಲ್ಲ.”

ನಲವತ್ತರ ಗಂಡಸು, ಎರಡು ಮಕ್ಕಳ ತಂದೆ, ಬೇಕರಿಯ ಗಾಜಿನ ಹಿಂದೆ ನಿಂತು ಕಣ್ಣೊರೆಸಿಕೊಂಡ. ಗಂಗಾಧರ್‌ಗೆ ಅವನ ಮೇಲೆ ಮರುಕವೂ ಬಂತು, ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು. ಮುನಿಕೃಷ್ಣನ ಗಾಡಿ ಯಾವುದು ಎಂದು ಕೇಳಿದರು. ಬಿಳೀ ಪಿಕಪ್ಪು, ಟೊಮೆಟೊ ಹೊಡೀತಾನೆ, ಹಿಂದೆ ‘ಗೆಳೆಯನ ಆಶೀರ್ವಾದ’ ಅಂತ ಬರೆಸಿದ್ದಾನೆ ಎಂದ ಅರುಣ್‌ಕುಮಾರ್. ಚಂದ್ರನಿಗೋಸ್ಕರ ಬರೆಸಿದ್ದು. ವರ್ಷ ವರ್ಷವೂ ಮುನಿಕೃಷ್ಣನ ಹೊಲದ ಮೊದಲ ಅವರೆಕಾಯಿ ಚಂದ್ರನ ಮನೆಗೇ ಹೋಗುತ್ತಿತ್ತು.

ಬೇಕರಿಯಿಂದ ಹೊರಬಂದ ಕೂಡಲೇ ಸೊಣ್ಣಪ್ಪ ಹೆಂಚಿನ ಫ್ಯಾಕ್ಟರಿ ಕಡೆಗೆ ಜೀಪು ತಿರುಗಿಸಿದರು. ಗಂಗಾಧರ್‌ಗೂ ಅನುಮಾನವಿರಲಿಲ್ಲ, ಅದೇ ಗೂಡು, ಅದೇ ಬಾಗಿಲು. ಹತ್ತು ನಿಮಿಷದಲ್ಲಿ ತಲುಪಿದರು. ಫ್ಯಾಕ್ಟರಿ ಇರಲಿಲ್ಲ. ಗೂಡಿರಲಿಲ್ಲ. ನೆಲಸಮ ಮಾಡಿ, ಕಲ್ಲು ನೆಟ್ಟು, ಸೈಟು ಮಾಡಿದ್ದರು. ಒಂದು ಕಡೆ ಒಡೆದ ಹೆಂಚಿನ ಗುಡ್ಡೆ ಮಾತ್ರ ಉಳಿದಿತ್ತು. ಸೊಣ್ಣಪ್ಪ ದೇವುಡಾ ಎಂದು ಸ್ಟೇರಿಂಗ್ ಮೇಲೆ ತಲೆಯಿಟ್ಟರು. ಸಮಯ ಹತ್ತು ಇಪ್ಪತ್ತು. ಕೊನೆಯ ಸೂಜಿಯಾಗಿ ಎರಡು ದಿನ ಮುಗಿದು ಮೇಲೆ ಎರಡು ಗಂಟೆ ಆಗಿತ್ತು.

ಟೇಕಲ್‌ ಕಡೆ ಮುನಿಕೃಷ್ಣನ ಮನೆ ಎಂದು ಬೇಕರಿಯವನು ಹೇಳಿದ್ದ, ಕೊನೆಯ ಸಿಗ್ನಲ್ ಸಿಕ್ಕಿದ್ದೂ ಅದೇ ರಸ್ತೆಯಲ್ಲಿ, ಜೀಪು ಅತ್ತ ಓಡಿತು. ಗಂಗಾಧರ್ ಆಂಬುಲೆನ್ಸಿಗೆ ಫೋನ್ ಮಾಡಿ, ಟೇಕಲ್ ರೈಲ್ವೆ ಸ್ಟೇಷನ್ ಮುಂದೆ ಬಂದು ನಿಂತಿರಿ ಎಂದರು. ಎಲ್ಲಿಗೆ ಕರೆಯಬೇಕೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಪದ್ಮಶ್ರೀಯನ್ನು ಕಾನ್‌ಸ್ಟೆಬಲ್ ಮುನಿಲಕ್ಷ್ಮಿ ಜೊತೆ ಹಿಂದಿನ ಗಾಡಿಯಲ್ಲಿ ಬರಹೇಳಿದ್ದರು. ಕನ್ನಡಿಯಲ್ಲಿ ಆ ಡಬ್ಬಿ ಬಿಸಿಲಿಗೆ ಫಳ್ಳೆಂದು ಹೊಳೆಯುತ್ತಾ ಬೆನ್ನಟ್ಟಿ ಬರುತ್ತಿತ್ತು.

ಮುನಿಕೃಷ್ಣನ ಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಊರಾಚೆ. ಹನ್ನೊಂದು ಗಂಟೆ. ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದ ತಾಯಿ ಭಾರತಮ್ಮ ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು. ಸೊಸೆ ಶ್ರೀನಿವಾಸಪುರದ ತವರಿಗೆ ಹೋಗಿದ್ದಾಳೆ, ಮಗ ಮನೆಯಲ್ಲಿಲ್ಲ ಎಂದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು. ಗಂಗಾಧರ್ ಒಳಗೆ ಹೋಗಿ ನೋಡಿದರು. ಮೂರು ಕೋಣೆ, ಒಂದು ಅಡುಗೆಮನೆ. ಬೇಗ ಬೇಗ ಬಾಗಿಲು ತಳ್ಳಿಕೊಂಡು ಓಡಾಡುವಾಗ ಅವರ ಕೈಗೆ ಸಿಗಬೇಕಾದ ಏನೋ ಸಿಗುತ್ತಿಲ್ಲ ಅನ್ನಿಸಿತು. ಮತ್ತೆ ಬೀದಿ ಬಾಗಿಲಿಗೆ ಬಂದರು. ಅದರಲ್ಲಿ ಚಿಲಕ ಇರಲಿಲ್ಲ. ಕೋಣೆ ಬಾಗಿಲುಗಳಲ್ಲೂ ಇಲ್ಲ. ಬಚ್ಚಲಿಗೆ ಬಾಗಿಲೇ ಇಲ್ಲ, ಹಳೇ ಸೀರೆಯೊಂದನ್ನು ಪರದೆ ಕಟ್ಟಿತ್ತು.

“ನಮ್ಮನೇಲಿ ಚಿಲಕ ಇಲ್ಲ ನಾಯನಾ,” ಅಂದಳು ಭಾರತಮ್ಮ. “ಅವನು ಹಾಕ್ಸಕ್ಕೇ ಬಿಡಲ್ಲ. ಮಳೆ ಬರ್ಲಿ, ಚಳಿ ಬರ್ಲಿ, ಬಾಗಿಲು ತೆಗ್ದೇ ಮಲಗ್ಬೇಕು. ಹುಡುಗಾಗಿದ್ದಾಗಿಂದ ಹಂಗೇನೇ.”

“ಗಾಡಿ ಹಿಂದೆ ಬರ್ದಿದ್ದು ಯಾವಾಗ ಅಳಿಸ್ದ?”

“ಸ್ಕೂಲಲ್ಲಿ ಫಂಕ್ಷನ್ ಆಯ್ತಲ್ಲ, ಮಾರನೇ ದಿನ. ಬೆಳಗ್ಗಿಂದ ಸಂಜೆಗಂಟ ಉಜ್ಜಿದ. ಊಟಕ್ಕೂ ಬರ್ಲಿಲ್ಲ.”

ಗಂಗಾಧರ್ ಬೀದಿ ಬಾಗಿಲಿಂದ ಇಳಿದು ಬಂದರು. ಈಗ ಎಲ್ಲಿರ್ತಾನಮ್ಮ ಎಂದರು. ಅವಳು ಬೆಟ್ಟದ ಕಡೆ ನೋಡಿದಳು. ಎರಡು ದಿನದಿಂದ ಹುಳುಮನೆ ಕ್ಲೀನ್ ಮಾಡ್ತೀನಿ ಅಂತ ಅಲ್ಲೇ ಇದ್ದಾನೆ, ಏನು ಕ್ಲೀನು ಮಾಡ್ತಾನೋ, ರೇಷ್ಮೆ ಸೊಪ್ಪು ಕಿತ್ತುಹಾಕಿ ಎರಡು ವರ್ಷ ಆಯ್ತು, ಒಂದು ಹುಳುವೂ ಇಲ್ಲ ಅಲ್ಲಿ, ಎಂದಳು. ಆಮೇಲೆ ತಾನಾಗಿಯೇ, ಯಾರಿಗೂ ಅಲ್ಲದ ಹಾಗೆ ಒಂದು ಮಾತು ಸೇರಿಸಿದಳು.

“ಹೋದ ವಾರ ಆ ಹುಳುಮನೆಗೆ ಅಂತ ಒಂದು ಚಿಲಕ ತಂದ. ಇಷ್ಟುದ್ದದ್ದು. ಇವ್ನು ಚಿಲಕ ತಂದ್ನಲ್ಲ ಅಂತ ನಂಗೇ ಆಶ್ಚರ್ಯ ಆಯ್ತು.”

ಗಂಗಾಧರ್ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಜೀಪು ಬದುವಿನ ಮೇಲೆ ಹೋಗುವಂತಿರಲಿಲ್ಲ. ಓಡಿದರು. ನಲವತ್ತಾರು ವರ್ಷ, ಬಿಪಿ ಮಾತ್ರೆ, ಬೂಟಿಗೆ ಮೆತ್ತಿದ ಕೆಮ್ಮಣ್ಣು. ಟೊಮೆಟೊ ಸಾಲಿನ ಮಧ್ಯೆ ಒಮ್ಮೆ ಮುಗ್ಗರಿಸಿದರು, ಎದ್ದರು. ಮುಳಬಾಗಿಲ ಬಾವಿ ಕಣ್ಣಮುಂದೆ ಬಂತು. ಬೇಡ ದೇವರೇ, ಇನ್ನೊಂದು ಬೇಡ, ಎಂದು ಒಳಗೊಳಗೇ ಅಂದುಕೊಳ್ಳುತ್ತಾ ಓಡಿದರು.

ಹುಳುಮನೆ ಬಂಡೆಯ ಮಗ್ಗುಲಲ್ಲಿತ್ತು. ಉದ್ದನೆಯ ಶೆಡ್ಡು, ಶೀಟಿನ ಮಾಡು, ಕಿಟಕಿಗಳಿಗೆ ಕಪ್ಪು ಟಾರ್ಪಾಲು ಹೊಡೆದಿತ್ತು. ಬಾಗಿಲಿಗೆ ಬೆನ್ನು ಕೊಟ್ಟು, ಬೋರಲು ಹಾಕಿದ ಟೊಮೆಟೊ ಕ್ರೇಟಿನ ಮೇಲೆ ಮುನಿಕೃಷ್ಣ ಕೂತಿದ್ದ. ಅದೇ ಬೂದು ಶರ್ಟು. ಪೊಲೀಸರನ್ನು ಕಂಡು ಓಡಲಿಲ್ಲ. ಎದ್ದು ನಿಂತು ಪಕ್ಕಕ್ಕೆ ಸರಿದ. ಸೊಣ್ಣಪ್ಪ ತೆಗೆಯೋ ಎಂದು ಗದರಿದಾಗ ಅವನ ಬೆರಳು ಚಿಲಕದ ಮೇಲೆ ಹೋಯಿತು, ಎಳೆಯಲು ಆಗಲಿಲ್ಲ. ಗಂಗಾಧರ್ ಅವನ ಕೈ ತಳ್ಳಿ ತಾವೇ ಎಳೆದರು. ಸಮಯ ಹನ್ನೊಂದು ಮೂವತ್ತೆಂಟು.

ಒಳಗಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅದರ ಜೊತೆ ಕೊಳೆತ ಹಣ್ಣಿನಂಥ ವಾಸನೆ. ನೀರಿನ ಬಾಟಲಿಗಳು ಖಾಲಿಯಾಗಿ ಉರುಳಿದ್ದವು, ಬನ್ನಿನ ಪೊಟ್ಟಣ ಒಡೆದಿರಲಿಲ್ಲ. ಚಂದ್ರಮೋಹನ್ ಬಾಗಿಲ ಬುಡದಲ್ಲೇ ಬಿದ್ದಿದ್ದ. ಅವನು ಉಸಿರಾಡುತ್ತಿದ್ದ, ದೂರದಿಂದ ಓಡಿಬಂದವನ ಹಾಗೆ ದೊಡ್ಡ ದೊಡ್ಡ ಉಸಿರು. ಹೆಸರು ಹಿಡಿದು ಕೂಗಿದರೆ ಕಣ್ಣು ತೆರೆಯಲಿಲ್ಲ. ಇದ್ದಾನೆ, ಜೀವ ಇದೆ ಎಂದು ಗಂಗಾಧರ್ ಕೂಗಿದ್ದು ಅರ್ಧ ಊರಿಗೆ ಕೇಳಿಸಿರಬೇಕು. ನಾಲ್ಕು ಜನ ಟಾರ್ಪಾಲಿನಲ್ಲಿ ಹೊತ್ತು ರಸ್ತೆಗೆ ತಂದರು. ಆಂಬುಲೆನ್ಸಿನ ನರ್ಸು ಡ್ರಿಪ್ ಏರಿಸುವಾಗ ಪದ್ಮಶ್ರೀ ಡಬ್ಬಿ ಮುಂದೆ ಚಾಚಿದಳು. ಆಸ್ಪತ್ರೆಯಲ್ಲಿ ಕೊಡ್ತಾರೆ ಹತ್ತಮ್ಮ ಎಂದು ನರ್ಸು ಅವಳನ್ನು ಒಳಗೆ ಎಳೆದುಕೊಂಡಳು.

ಮುನಿಕೃಷ್ಣನನ್ನು ಹನ್ನೆರಡು ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಸ್ಥಳ ಪಂಚನಾಮೆಯಲ್ಲಿ ವಶಪಡಿಸಿಕೊಂಡದ್ದು: ಕಬ್ಬಿಣದ ಚಿಲಕ ಒಂದು, ಬಳಪದ ತುಂಡು ಒಂದು, ಸ್ವಿಚ್ ಆಫ್ ಆದ ಮೊಬೈಲ್ ಫೋನು ಒಂದು, ಬಿಳೀ ಪಿಕಪ್ ವಾಹನ ಒಂದು. ಕಾಣೆ ಪ್ರಕರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 140(3) ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಸಂಜೆ ಐದಕ್ಕೆ ಕೋಲಾರದ ಆಸ್ಪತ್ರೆಯಿಂದ ಮುನಿಲಕ್ಷ್ಮಿ ಫೋನ್ ಮಾಡಿದಳು. ಕಣ್ಣು ಬಿಟ್ಟಿದ್ದಾರೆ, ಡಾಕ್ಟ್ರು ಅಪಾಯ ಇಲ್ಲ ಅಂದ್ರು, ಇನ್ನು ಎರಡು ಗಂಟೆ ತಡ ಆಗಿದ್ರೆ ನಮ್ಮ ಕೈಲಾಗ್ತಿರ್ಲಿಲ್ಲ ಅಂತಾನೂ ಅಂದ್ರು. ಗಂಗಾಧರ್ ಫೋನ್ ಇಟ್ಟು ಎರಡು ಲೋಟ ನೀರು ಕುಡಿದರು. ಆಮೇಲೆ ಆ ಸುದ್ದಿಯನ್ನು ಮುನಿಕೃಷ್ಣನಿಗೂ ಹೇಳಿದರು. ಅವನು ಗೋಡೆಗೆ ತಲೆಯಿಟ್ಟ.

ಹೇಳಿಕೆ ಬರೆದುಕೊಂಡಿದ್ದು ಸಂಜೆ ಆರಕ್ಕೆ. ಕೇಳಿದ್ದಕ್ಕೆಲ್ಲಾ ಒಪ್ಪಿಕೊಂಡ. ಹುಳುಮನೆಯ ಪಂಪು ಸುಟ್ಟಿದೆ ಎಂದು ಕರೆದ. ಒಳಗೆ ಹೋದ ಮೇಲೆ, ಫೋನ್ ಟಾರ್ಚಿನಲ್ಲಿ ನೋಡ್ತೀನಿ ಕೊಡು ಎಂದು ಫೋನು ಇಸಿದುಕೊಂಡು ಹೊರಬಂದು ಚಿಲಕ ಹಾಕಿದ. ಕತ್ತಲಾದ ಮೇಲೆ ಮಾಲೂರಿಗೆ ಹೋಗಿ ಷಟರ್ ಮೇಲೆ ಬರೆದು ಬಂದ. ಒಂದೇ ರಾತ್ರಿ ಇರಿಸಿಕೊಳ್ಳಬೇಕೆಂದಿದ್ದೆ, ನಾನಿದ್ದಷ್ಟೇ ಹೊತ್ತು, ಎಂದ.

“ಸೂಜಿ ಬೇಕು ಅಂತ ಅವನು ಕೂಗಲಿಲ್ವಾ?”

“ಕೂಗಿದ ಸಾರ್. ಸುಳ್ಳು ಅಂದ್ಕೊಂಡೆ. ನಾನೂ ಅವತ್ತು ಹೊಟ್ಟೆನೋವು ಅಂತ ಕೂಗಿದ್ದೆ.”

ಸೊಣ್ಣಪ್ಪ ಪೆನ್ನು ಎತ್ತಿ, ಕಾರಣ ಏನಂತ ಬರೀಲಿ ಸಾರ್ ಎಂದರು. ಗಂಗಾಧರ್ ಸ್ವಲ್ಪ ಯೋಚಿಸಿ, ಹಳೇ ದ್ವೇಷ ಅಂತ ಬರೀರಿ ಎಂದರು. ಅದನ್ನು ಬರೆದಾದ ಮೇಲೆ ಮುನಿಕೃಷ್ಣ ತಲೆ ಎತ್ತಿದ.

“ದ್ವೇಷ ಅಲ್ಲ ಸಾರ್. ದ್ವೇಷ ಇದ್ರೆ ಚಿಲಕ ಹಾಕಿ ಮನೆಗೆ ಹೋಗ್ತಿದ್ದೆ. ನಾನು ಬಾಗಿಲ ಹತ್ರಾನೇ ಕೂತಿದ್ದೆ. ಮಾಲೂರಿಗೆ ಹೋಗಿ ಬಂದಿದ್ದಷ್ಟೇ, ಆಮೇಲೆ ಎದ್ದೇ ಇಲ್ಲ. ಅವನು ಏನೇನೋ ಅಂದ. ಬೈದ, ಕೈ ಮುಗೀತೀನಿ ಅಂದ, ಹೆಂಡ್ತಿ ಹೆಸರು ಹೇಳಿದ. ಟೈಂಪ್ಲೀಸ್ ಅಂತ ಒಂದೇ ಒಂದು ಸಲ ಅಂದಿದ್ರೆ ಅವಾಗ್ಲೇ ತೆಗೆದುಬಿಡ್ತಿದ್ದೆ. ಅನ್ತಾನೆ, ಈಗ ಅನ್ತಾನೆ ಅಂತ ಕಾಯ್ತಾನೇ ಇದ್ದೆ. ಅವನಿಗೆ ಅದು ನೆನಪಿಗೇ ಬರ್ಲಿಲ್ಲ ಸಾರ್.”

ಸೊಣ್ಣಪ್ಪ ಗಂಗಾಧರರ ಮುಖ ನೋಡಿದರು. ಇದನ್ನು ಬರೆಯಬೇಕೋ ಬೇಡವೋ ಎಂದು. ಎಲ್ಲಾ ಬರೀರಿ, ಒಂದಕ್ಷರ ಬಿಡಬೇಡಿ, ಎಂದರು ಗಂಗಾಧರ್.

ಏಳು ಗಂಟೆಗೆ ಮುನಿಕೃಷ್ಣನನ್ನು ಲಾಕಪ್ಪಿಗೆ ಕರೆದೊಯ್ದರು. ಒಳಗೆ ಹೋಗುವಾಗ ತಲೆ ತಗ್ಗಿಸಿಕೊಂಡು ನೆಟ್ಟಗೇ ಹೋದ. ಸೊಣ್ಣಪ್ಪ ಕಂಬಿ ಬಾಗಿಲು ಎಳೆದು ಚಿಲಕಕ್ಕೆ ಕೈ ಹಾಕಿದಾಗ ಮಾತ್ರ ಗಕ್ಕನೆ ಹಿಂದಿರುಗಿದ. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಆ ಮಾತು ಯಾವುದೆಂದು ಠಾಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಸೊಣ್ಣಪ್ಪನ ಕೈ ಚಿಲಕದ ಮೇಲೆ ಹಾಗೇ ನಿಂತಿತು.

ಕಾನೂನಿನ ಪ್ರಕಾರ ಬಾಗಿಲು ಹಾಕಲೇಬೇಕಿತ್ತು, ಹಾಕಿ ಎಂದರು ಗಂಗಾಧರ್. ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಅವರು ತಮ್ಮ ರೂಮಿನಿಂದ ಕುರ್ಚಿಯನ್ನೂ ಕೇಸ್ ಡೈರಿಯನ್ನೂ ತಾವೇ ಎತ್ತಿಕೊಂಡು ಬಂದು, ಲಾಕಪ್ಪಿನ ಮುಂದೆ ಹಾಕಿಕೊಂಡು ಕೂತರು.

“ಕೂತ್ಕೊಳಪ್ಪ. ಬೆಳಿಗ್ಗೆ ಕೋರ್ಟಿಗೆ ಹೋಗೋವರೆಗೂ ನಾನಿಲ್ಲೇ ಇರ್ತೀನಿ. ಎಲ್ಲೂ ಹೋಗಲ್ಲ.”